ನಾನೂರ ಮೂವತ್ತೊಂದು ಜನ ನೋಡಿಹೋದ ಹಾಸಿಗೆ

ನಾನೂರ ಮೂವತ್ತೊಂದು ಜನ. ಗುಬ್ಬಿಯಿಂದ ತುಮಕೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಹಬೀಬ್ ಸಾಬನ ಬಾಯಲ್ಲಿ ಆ ಸಂಖ್ಯೆ ಒಡೆಯದ ಅಡಿಕೆಯ ಹಾಗೆ ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳುತ್ತಿತ್ತು. ಆರು ತಿಂಗಳಲ್ಲಿ ನಾನೂರ ಮೂವತ್ತೊಂದು ಜನ ತನ್ನ ಹಾಸಿಗೆ ಅಂಗಡಿಯ ವೆಬ್‌ಸೈಟಿಗೆ ಬಂದು, ನೋಡಿ, ಒಂದು ದಿಂಬನ್ನೂ ಕೊಳ್ಳದೆ, ಒಂದು ಫೋನನ್ನೂ ಮಾಡದೆ ಎದ್ದು ಹೋಗಿದ್ದಾರೆ. ಅಂಗಡಿಗೇ ಬಂದು ಹೀಗೆ ಮಾಡಿದ್ದರೆ ಮೊದಲ ಹತ್ತು ಜನಕ್ಕೇ ತಾನು ಬೆತ್ತ ಹಿಡಿದು ನಿಲ್ಲುತ್ತಿದ್ದೆ ಎಂದುಕೊಂಡ. ಹತ್ತಿ ಬಡಿಯುವ ಬೆತ್ತ ಅದು, ಮನುಷ್ಯರ ಮೇಲೆ ಒಂದು ದಿನವೂ ಎತ್ತಿದ್ದಿಲ್ಲ, ಆದರೆ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಪಕ್ಕದಲ್ಲಿ ಕೂತಿದ್ದ ಮುದುಕ ಇವನ ಹುಬ್ಬನ್ನೇ ನೋಡುತ್ತಿದ್ದ. ಹುಬ್ಬಿನಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿರಬೇಕು. ಮೂವತ್ತು ವರ್ಷದಿಂದ ಸಿಕ್ಕಿಕೊಂಡೇ ಇದೆ. ಏನು ನೋಡ್ತೀಯ ಎಂದು ಕೇಳುವ ಹಾಗೆ ಹಬೀಬ್ ಸಾಬ್ ತಿರುಗಿದ. ಮುದುಕ ಮುಖ ಆಚೆ ಮಾಡಿದ. ಕೊಳ್ಳೋದಿಲ್ಲ, ಬರೀ ನೋಡೋದು. ಊರೇ ಹೀಗಾಗಿದೆ.

ರಂಜಾನ್ ತಿಂಗಳ ಚಂದ್ರ ಕಾಣಲು ಇನ್ನು ಒಂದೇ ವಾರ. ಅಷ್ಟರೊಳಗೆ ವೆಬ್‌ಸೈಟು ನೋಡಿ ಒಬ್ಬನಾದರೂ ಗಿರಾಕಿ ಬರದಿದ್ದರೆ ಅಂಗಡಿಯ ಬಾಗಿಲು ಎಳೆದು, ಮರಳೂರಿನಲ್ಲಿ ಭಾಮೈದ ಅಮೀನನ ಫೋಮ್ ಹಾಸಿಗೆ ಶೋರೂಮಿಗೆ ಸಂಬಳಕ್ಕೆ ಸೇರುತ್ತೇನೆ ಎಂದು ಹೆಂಡತಿ ಅಖ್ತರ್ ಬಾನುವಿಗೆ ಹೇಳಿಬಿಟ್ಟಿದ್ದ. ಊಟದ ಮುಂದೆ, ಸಾರಿಗೆ ಉಪ್ಪು ಹೆಚ್ಚಾಗಿದ್ದ ಸಿಟ್ಟಿನಲ್ಲಿ ಹೇಳಿದ ಮಾತು. ಆದರೆ ಅಖ್ತರ್ ಬಾನು ಅದನ್ನು ಮಾತಾಗಿಯೇ ಹಿಡಿದಿಟ್ಟುಕೊಂಡಿದ್ದಳು. ನೀವು ಆಡಿದ್ದನ್ನು ತಪ್ಪಿದವರಲ್ಲವಲ್ಲ ಎಂದು ದಿನಕ್ಕೊಮ್ಮೆ ನೆನಪಿಸುತ್ತಿದ್ದಳು. ಅಮೀನ್ ಒಳ್ಳೆಯವನೇ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಪ್ಲಾಸ್ಟಿಕ್ ಸುತ್ತಿ ಗೋಡೆಗೊರಗಿಸಿದ ಹಾಸಿಗೆಗಳು. "ಬಾವ, ನೀವೇನೂ ಮಾಡೋದು ಬ್ಯಾಡ. ಬಾಗ್ಲಲ್ಲಿ ನಗ್ತಾ ನಿಂತ್ಕೊಂಡ್ರೆ ಸಾಕು" ಎಂದಿದ್ದ. ಆ ನಗುವುದೇ ಹಬೀಬ್ ಸಾಬನ ಎದೆಯ ಮೇಲೆ ಕೂತಿತ್ತು. ಹೋದ ವಾರ ಕ್ಷೌರದ ಕನ್ನಡಿಯಲ್ಲಿ ಒಮ್ಮೆ ನಕ್ಕು ನೋಡಿದ್ದ. ಹಲ್ಲುನೋವಿನವನ ಹಾಗೆ ಕಂಡಿತು. ಹಿಂದೆ ನಿಂತಿದ್ದ ಅಖ್ತರ್ ಬಾನು, ಇದಕ್ಕಿಂತ ಬಯ್ಯುವಾಗಲೇ ನೀವು ಚೆಂದ ಎಂದಳು.

ವೆಬ್‌ಸೈಟು ಮಾಡಿಸಿದ್ದೂ ಸಿಟ್ಟಿನಲ್ಲೇ. ಅಮೀನ್ ಮಾಡಿಸಿದ್ದಾನೆ ಎಂದು ಗೊತ್ತಾದ ಮರುದಿನವೇ ಕ್ಯಾತ್ಸಂದ್ರಕ್ಕೆ ಹೋಗಿ, ಹಾಸ್ಟೆಲುಗಳ ಬೀದಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಚೈತನ್ಯ ಎಂಬ ಹುಡುಗಿಯ ಮುಂದೆ ಕೂತಿದ್ದ. ಸಣ್ಣ ಅಂಗಡಿಯವರಿಗೆಲ್ಲ ಅವಳೇ ಮಾಡಿಕೊಡುತ್ತಿದ್ದಳು: ತೆಂಗಿನ ಮಂಡಿಯವರಿಗೆ, ಛತ್ರದವರಿಗೆ, ಬೋರ್‌ವೆಲ್ ಕೊರೆಯುವವರಿಗೆ. ಇಂಗ್ಲಿಷ್ ಬೇಡ, ನಾನು ಓದಿದ್ದು ಹಳ್ಳಿ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು, ನನಗೆ ಓದಲು ಬಾರದ್ದು ನನ್ನ ಹೆಸರಿನಲ್ಲಿ ಇರಬಾರದು ಎಂದಿದ್ದ. ಕನ್ನಡ ಎಲ್ಲ ಕಂಪ್ಯೂಟರಿನಲ್ಲೂ ಬರುವುದಿಲ್ಲವೆಂದು ಅವಳು ಒಂದೊಂದು ಸಾಲನ್ನೂ ಚಿತ್ರ ಮಾಡಿ ಅಂಟಿಸಿದಳು. ತಾಳ್ಮೆಯ ಹುಡುಗಿ. ಆದರೆ ಬುದ್ಧಿ ಹೇಳುವ ಚಟ. ಫೋನ್ ನಂಬರು ಮೇಲೇ ಕಾಣಬೇಕು, ನೋಡುವವರು ಹುಡುಕಬಾರದು. ಅಂಗಡಿ ಎಲ್ಲಿದೆ ಎಂದು ಬಸ್‌ ಸ್ಟ್ಯಾಂಡಿನಿಂದ ದಾರಿ ಹೇಳಬೇಕು. ಹಾಸಿಗೆಯ ಫೋಟೋ ಬೆಳಕಿನಲ್ಲಿ ತೆಗೆಯಬೇಕು. ವೆಬ್‌ಸೈಟಿನ ವಿಳಾಸವನ್ನು ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ದಿಂಬು ಹಾಕಿಕೊಡುವ ಬಟ್ಟೆ ಚೀಲದ ಮೇಲೆ ಅಚ್ಚು ಹಾಕಿಸಬೇಕು. ಇಷ್ಟನ್ನೂ ಅವನು ಒಪ್ಪಿದ. ಕೊನೆಗೆ ಬೆಲೆ ಹಾಕಬೇಕು ಎಂದಳು. ಅಲ್ಲಿ ನಿಂತ. ಬೆಲೆ ಎನ್ನುವುದು ಬೀದಿಗೆ ಇಡುವ ವಸ್ತುವಲ್ಲ. ಗಿರಾಕಿ ಬರಬೇಕು, ಕೂರಬೇಕು, ಅವನ ಮುಖ ನೋಡಬೇಕು, ಚಪ್ಪಲಿ ನೋಡಬೇಕು, ಅವನ ಬಾಯಿಂದ ಎಷ್ಟು ಎಂಬ ಮಾತು ಹೊರಡಬೇಕು, ಆಮೇಲೆ ಬೆಲೆ. ಅವನ ತಂದೆ, ಅಬ್ಬಾ, ಹೀಗೇ ವ್ಯಾಪಾರ ಮಾಡಿದರು. ಬೆಲೆ ಬೇಡ, ಅದರ ಬದಲು ಇದನ್ನು ಹಾಕು ಎಂದು ಅಂಗಡಿಯಲ್ಲಿ ತೂಗುಹಾಕಿದ್ದ ರಟ್ಟಿನ ಬರಹವನ್ನೇ ಬರೆಸಿದ್ದ: ಕೊಳ್ಳುವವರು ಮಾತ್ರ ಮುಟ್ಟಿ. ಕಂಪ್ಯೂಟರಿನಲ್ಲಿ ಯಾರೂ ಮುಟ್ಟಲಾಗುವುದಿಲ್ಲವಲ್ಲ ಸಾಬರೇ ಎಂದು ಚೈತನ್ಯ ತುಟಿ ಕಚ್ಚಿಕೊಂಡು ಕೇಳಿದ್ದಳು. ಇರಲಿ, ಒಂದು ಭಯ ಇರಬೇಕು ಎಂದಿದ್ದ.

ಪುಟದ ಕೊನೆಯಲ್ಲಿ ಕಪ್ಪು ಪಟ್ಟಿಯಲ್ಲಿ ಹಸಿರು ಅಂಕಿಗಳು. ಎಷ್ಟು ಜನ ಬಂದರು ಎಂದು ಎಣಿಸುವ ಮೀಟರು ಎಂದು ಅವಳು ಹೇಳಿದ ಮೇಲೆ ಹಬೀಬ್ ಸಾಬನ ಸಂಜೆಗಳೇ ಬದಲಾದವು. ಅಸರ್ ನಮಾಜು ಮುಗಿಸಿ ಗುಬ್ಬಿ ಬಸ್‌ ಸ್ಟ್ಯಾಂಡಿನ ಹತ್ತಿರದ ಸೈಬರಿನಲ್ಲಿ ಅರ್ಧ ಗಂಟೆ ಕೂರುತ್ತಿದ್ದ. ಪುಟ ತೆರೆಯಲು ಒಂದು ಬಟನ್, ಮತ್ತೆ ಹೊಸದಾಗಿ ತರಿಸಲು ಸುತ್ತು ಬಾಣದ ಬಟನ್, ಇಷ್ಟು ಕಲಿತಿದ್ದ. ಬಾಣವನ್ನು ಒತ್ತಿ ಎರಡು ನಿಮಿಷ ಕಾಯಬೇಕು, ಪುಟ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತದೆ, ಮೊದಲು ತನ್ನ ಗಂಟುಮುಖ, ಆಮೇಲೆ ಕೆಂಪು ಗೆರೆಯ ಹಾಸಿಗೆ, ಕೊನೆಗೆ ಅಂಕಿ. ಅಂಕಿ ಒಂದು ಹೆಚ್ಚಾಗಿರುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಈಗ, ಈ ಎರಡು ನಿಮಿಷದಲ್ಲಿ, ಎಲ್ಲೋ ಒಬ್ಬ ತನ್ನ ಅಂಗಡಿಗೆ ಬಂದು ಹೋದ! ಮತ್ತೆ ಒತ್ತುತ್ತಿದ್ದ. ಇನ್ನೊಬ್ಬ. ಒಂದು ಸಂಜೆ ಕಣ್ಣ ಮುಂದೆಯೇ ಹನ್ನೊಂದು ಜನ ಬಂದರು. ಮನೆಗೆ ಮೈಸೂರು ಪಾಕು ಒಯ್ದ. ಯಾಕೆ ಎಂದು ಕೇಳಿದ್ದಕ್ಕೆ ರಶ್ಶು ಎಂದ. ದಿನ ಕಳೆದಂತೆ ಆ ಹಿಗ್ಗು ಹುಳಿಯಿತು. ಬಂದವರು ಎಲ್ಲಿ? ಫೋನು ಕೈಯಲ್ಲಿ ಹಿಡಿದೇ ಮಲಗುತ್ತಿದ್ದ. ಅದು ಒಂದು ಸಲ ಹೊಡೆದುಕೊಂಡಿತು. ಯಾರೋ ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕೆಂದರು.

ಹೆಗ್ಗೆರೆಯಲ್ಲಿ ಹತ್ತಿದ ಒಬ್ಬ ಹೆಂಗಸು ಕೂರುವ ಮುಂಚೆ ಸೀಟಿನ ಮೆತ್ತೆಯನ್ನು ಅಂಗೈಯಲ್ಲಿ ಒತ್ತಿ ನೋಡಿದಳು, ನೀರು ಚೆಲ್ಲಿದೆಯೇನೋ ಎಂದು. ಹಬೀಬ್ ಸಾಬ್ ಕಣ್ಣು ಕಿತ್ತು ಹೊರಗೆ ನೋಡಿದ. ಅಂಗೈಯಲ್ಲಿ ಹಾಗೆ ಒತ್ತುವ ಹೆಂಗಸರನ್ನು ನೋಡಿದರೆ ಈಗೀಗ ಅವನಿಗೆ ಆಗುವುದಿಲ್ಲ. ಫೆಬ್ರವರಿಯಲ್ಲಿ, ಗುಬ್ಬಿ ಹತ್ತಿರದ ಯಾವುದೋ ಹಳ್ಳಿಯವಳು, ಸಿದ್ದಲಕ್ಷ್ಮಮ್ಮ ಎಂದು ಯಾರೋ ಕೂಗಿದ್ದರಿಂದ ಹೆಸರು ಗೊತ್ತು, ಮೂರು ದಿನ ಬೆಳಿಗ್ಗೆ ಸರಿಯಾಗಿ ಬಾಗಿಲು ತೆರೆಯುವ ಹೊತ್ತಿಗೆ ಬಂದಿದ್ದಳು. ಬೋಣಿ ಆಗಿರಲಿಲ್ಲ. ಮೊದಲ ಗಿರಾಕಿ ಬರಿಗೈಲಿ ಹೋದರೆ ಇಡೀ ದಿನ ಹಾಗೇ ಹೋಗುತ್ತದೆ. ಆಕೆ ಕೆಂಪು ಗೆರೆಯ ಡಬಲ್ ಹಾಸಿಗೆಯನ್ನು ಅಂಗೈಯಲ್ಲಿ ಒತ್ತುವುದು, ಮೂಲೆ ಎತ್ತಿ ಹೊಲಿಗೆ ನೋಡುವುದು, ಬೂರುಗದ ಹತ್ತಿಯ ದಿಂಬನ್ನು ಕೆನ್ನೆಗೆ ಹಿಡಿಯುವುದು. ಎಷ್ಟು ಎಂದು ಕೇಳುವುದಿಲ್ಲ. ಬರ್ತೀನಿ ಎಂದು ಹೋಗುವುದು. ಮೂರನೇ ದಿನ ಅವನ ತಲೆ ಕೆಟ್ಟಿತು. "ಏನಮ್ಮಾ, ಮೂರು ದಿವ್ಸದಿಂದ ಮುಟ್ಟಿ ಮುಟ್ಟಿ ನೋಡ್ತಾ ಇದೀಯ. ಇಲ್ಲೇ ಮಲ್ಗಿ ಎದ್ದು ಹೋಗು, ಅದೊಂದ್ ಬಾಕಿ ಐತೆ" ಎಂದ. ಆಕೆ ದಿಂಬನ್ನು ಎಲ್ಲಿಂದ ತೆಗೆದಿದ್ದಳೋ ಅಲ್ಲೇ, ಮೂಲೆಗೆ ಮೂಲೆ ಸೇರಿಸಿ ಇಟ್ಟು ಇಳಿದು ಹೋದಳು. ಅವನು ಚೊಂಬು ಎತ್ತಿ ಹೊಸ್ತಿಲಿಗೆ ನೀರು ಚೆಲ್ಲಿದ. ಹೋದವಳ ಹಿಂದೆ ನೀರು ಚೆಲ್ಲಿದರೆ ಕೆಟ್ಟ ಬೋಣಿ ತೊಳೆದುಹೋಗುತ್ತದೆ; ಅಬ್ಬಾ ಮಾಡುತ್ತಿದ್ದರು. ಆದರೆ ಅಬ್ಬಾ ಗಿರಾಕಿ ಬೀದಿಯ ಮೂಲೆ ತಿರುಗುವವರೆಗೆ ಕಾಯುತ್ತಿದ್ದರು. ಇವನು ಕಾಯಲಿಲ್ಲ. ಸದ್ದಿಗೆ ಆಕೆ ತಿರುಗಿದಳು. ನೀರನ್ನು ನೋಡಿದಳು, ಇವನನ್ನು ನೋಡಿದಳು, ತನ್ನ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಬೈದಿದ್ದರೆ ಎರಡು ಬೈದು ಮುಗಿಸುತ್ತಿದ್ದ. ಬೈಯಲಿಲ್ಲ. ಆ ದಿನ ವ್ಯಾಪಾರ ಚೆನ್ನಾಗಿಯೇ ಆಯಿತು, ಅದು ಇನ್ನೂ ಕೆಟ್ಟದ್ದು.

ಕ್ಯಾತ್ಸಂದ್ರದಲ್ಲಿ ಚೈತನ್ಯ ಯಾರದೋ ಮದುವೆ ಕಾರ್ಡು ಅಚ್ಚು ಹಾಕುತ್ತಿದ್ದಳು. ಹಬೀಬ್ ಸಾಬ್ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. ನಾನೂರ ಮೂವತ್ತೊಂದು ಜನ ಬಂದರೆ ಒಬ್ಬನಾದರೂ ಮನುಷ್ಯ ಇರಬೇಡವೇ, ಇಂಥ ದರಿದ್ರದವರನ್ನೆಲ್ಲ ನನ್ನ ಅಂಗಡಿಗೇ ಯಾಕೆ ಕಳಿಸುತ್ತೀಯ, ಅಮೀನನ ಕಡೆ ಕಳಿಸು ಎಂದ. ಕಾರ್ಡು ಮಾಡಿಸಲು ಬಂದಿದ್ದವರು ಸರಿದು ಕೂತರು. ಅವಳು ಸ್ಟೂಲು ಎಳೆದು ಕೂರಿಸಿ, ನೀರು ಕೊಟ್ಟು, ಏನೇನೋ ಒತ್ತಿ ಒಂದು ಉದ್ದನೆಯ ಪಟ್ಟಿ ತೆಗೆದಳು. ಬಂದವರು ಯಾವ ದಿನ, ಯಾವ ಹೊತ್ತಿಗೆ, ಯಾವ ಕಂಪ್ಯೂಟರಿನಿಂದ ಬಂದರು ಎಂಬುದೆಲ್ಲ ಇದರಲ್ಲಿ ಇರುತ್ತದಂತೆ. ಬೆರಳಿಟ್ಟು ಕೆಳಗೆ ಇಳಿಸುತ್ತಾ ಹೋದವಳು ನಿಂತಳು. ಇವನ ಮುಖ ನೋಡಿದಳು.

"ಸಾಬ್ರೆ, ನೀವು ದಿನಾ ಸಂಜೆ ಐದೂವರೆಗೆ ಯಾವ್ದಾದ್ರೂ ಸೈಬರ್‌ನಲ್ಲಿ ಕೂತ್ಕೋತೀರಾ?"

"ಕೂತ್ಕೋತೀನಿ. ದುಡ್ ಕೊಟ್ಟೇ ಕೂತ್ಕೋತೀನಿ."

"ಬಾಣ ಒತ್ತೀರಾ?"

"ಒತ್ದೆ ಇನ್ನೇನ್ ಮಾಡ್ಲಿ? ಎಷ್ಟ್ ಜನ ಬಂದ್ರು ಅಂತ ತಿಳ್ಕೋಬ್ಯಾಡ್ವಾ?"

ಅವಳಿಗೆ ನಗು ತಡೆಯಲಾಗಲಿಲ್ಲ. "ಒಂದ್ಸಲ ಒತ್ತಿದ್ರೆ ಒಬ್ರು ಬಂದಂಗೆ ಲೆಕ್ಕ ಸಾಬ್ರೆ. ಇದ್ರಲ್ಲಿ ಮುನ್ನೂರ ನಲವತ್ತು ಜನ ನೀವೇ."

ಕಾರ್ಡಿನವರು ಕಾರ್ಡಿನೊಳಗೆ ಮುಖ ಇಟ್ಟುಕೊಂಡರು. ಹಬೀಬ್ ಸಾಬ್ ಲೋಟ ಕೆಳಗಿಡಲು ಜಾಗ ಹುಡುಕಿದ. ಮುನ್ನೂರ ನಲವತ್ತು ಸಲ ತನ್ನ ಅಂಗಡಿಗೆ ತಾನೇ ಹೋಗಿ, ನೋಡಿ, ಕೊಳ್ಳದೆ ಎದ್ದು ಬಂದಿದ್ದ. ತಾನು ಇಷ್ಟು ದಿನ ನಿದ್ದೆಗೆಟ್ಟು ಬೈದ ಆ ದರಿದ್ರದವನ ಮುಖ ಈಗ ಚೆನ್ನಾಗಿ ಗೊತ್ತಾಯಿತು, ಹುಬ್ಬಿನಲ್ಲಿ ಹತ್ತಿ ಸಮೇತ. ಆ ಹನ್ನೊಂದು ಜನ ಬಂದ ಸಂಜೆ ನೆನಪಾಯಿತು. ಮೈಸೂರು ಪಾಕು ನೆನಪಾಯಿತು. ಎದ್ದು ಕೂಗಾಡಬೇಕು ಎನ್ನಿಸಿತು, ಆದರೆ ಕೂಗಬೇಕಾದವನು ಒಬ್ಬನೇ, ಅವನೂ ಸ್ಟೂಲಿನ ಮೇಲೆ ಕೂತಿದ್ದಾನೆ. ಎಲ್ಲಿಂದಲೋ ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ಸಿಟ್ಟೇ ಇರಬೇಕು ಎಂದು ಬಾಯಿ ತೆರೆದರೆ ನಗು. ಕನ್ನಡಿಯಲ್ಲಿ ಬಾರದೆ ಹೋದದ್ದು ಇಲ್ಲಿ, ಮೂರು ಜನ ಅಪರಿಚಿತರ ಎದುರು, ಕೆಮ್ಮು ಬರುವವರೆಗೆ ಬಂತು. ಕಾರ್ಡಿನವರೂ ಧೈರ್ಯ ಮಾಡಿ ನಕ್ಕರು.

ಉಳಿದದ್ದರಲ್ಲಿ ಐವತ್ತೆರಡು ಸಲ ಸರಿಮಾಡಲು ಚೈತನ್ಯಳೇ ತೆರೆದದ್ದು. ಹನ್ನೆರಡು ಜನ ದಾರಿ ತಪ್ಪಿ ಬಂದವರು, ಬಂದ ಕೂಡಲೇ ಹೋದವರು. ಇನ್ನು ಇಪ್ಪತ್ತೇಳು. ಅವಳು ಆ ಸಾಲುಗಳನ್ನು ಎರಡು ಸಲ ನೋಡಿದಳು. "ಇದ್ ನೋಡಿ. ಒಂದೇ ಕಂಪ್ಯೂಟರು. ಪ್ರತಿ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಒಂದು ವಾರಾನೂ ತಪ್ಪಿಲ್ಲ. ಕೆಂಪು ಗೆರೆ ಹಾಸಿಗೆ ಫೋಟೋ ದೊಡ್ದು ಮಾಡಿ ಇಪ್ಪತ್ತು ನಿಮಿಷ ನೋಡವ್ರೆ." ಯಾರು, ಯಾವ ಊರು ಎಂದು ಕೇಳಿದ. ಅದು ಗೊತ್ತಾಗುವುದಿಲ್ಲ ಎಂದಳು. ಕೊಳ್ಳುವ ಆಸೆ ಇಲ್ಲದವರು ಇಪ್ಪತ್ತೇಳು ವಾರ ನೋಡುವುದಿಲ್ಲ ಸಾಬರೇ, ಅವರು ಹುಡುಕುತ್ತಿರುವುದು ಅಲ್ಲಿ ಇಲ್ಲದ ಒಂದೇ ಒಂದನ್ನು ಎಂದಳು. ಅದು ಬೆಲೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಪ್ಪತ್ತು ನಿಮಿಷ ಹಾಸಿಗೆಯ ಮುಂದೆ ನಿಂತು, ಎಷ್ಟು ಎಂದು ಕೇಳಲು ನಾಲಿಗೆ ಏಳದ ಒಬ್ಬ ಮನುಷ್ಯನನ್ನು ಹಬೀಬ್ ಸಾಬ್ ಕಂಡ. ಕೇಳಿದರೆ ತನ್ನ ಚಪ್ಪಲಿಯ ಕಡೆ ನೋಡುತ್ತಾರೆ ಎಂದು ಗೊತ್ತಿರುವ ಮನುಷ್ಯ. ಬೆಲೆ ಬರಿ ಎಂದ. ಡಬಲ್ ಹಾಸಿಗೆ, ಎರಡು ಬೂರುಗದ ದಿಂಬು ಸೇರಿ, ಸಾವಿರದ ಎಂಟುನೂರ ಐವತ್ತು. ಹೇಳುವಾಗ ಬಸ್‌ ಸ್ಟ್ಯಾಂಡಿನ ನಡುವೆ ಅಂಗಿ ಬಿಚ್ಚಿದಷ್ಟು ನಾಚಿಕೆಯಾಯಿತು. ಆ ಮುಟ್ಟಬೇಡಿ ಅನ್ನೋದನ್ನೂ ತೆಗೆದುಬಿಡಲೇ ಎಂದು ಅವಳು ಕೇಳಿದಳು. ತೆಗಿ ಎಂದ. ಅದರ ಜಾಗಕ್ಕೆ ಏನು ಹಾಕಲಿ? ಅವನು ಬಾಗಿಲ ಕಡೆ ನಡೆದು, ಚಪ್ಪಲಿಗೆ ಕಾಲು ತೂರಿಸುತ್ತಾ, ಬೆನ್ನು ತಿರುಗಿಸಿಯೇ ಹೇಳಿದ: ಎಷ್ಟು ಹೊತ್ತು ಬೇಕಾದರೂ ನೋಡಿ.

ಐದು ದಿನ ಸೈಬರಿನ ಕಡೆ ತಲೆ ಹಾಕಲಿಲ್ಲ. ಸಂಜೆ ಐದೂವರೆಗೆ ಬೆರಳು ತಾನಾಗಿ ಒತ್ತಲು ಹೋಗುತ್ತಿತ್ತು. ಹತ್ತಿ ಹಿಂಜುವ ಯಂತ್ರದ ಬಟನ್ ಒತ್ತಿ ಸಮಾಧಾನ ಮಾಡಿಕೊಂಡ. ಮಂಗಳವಾರ ಹನ್ನೊಂದು ಗಂಟೆಗೆ ಗೋಡೆ ಗಡಿಯಾರದ ಕೆಳಗೆ ದಬ್ಬಳ ಹಿಡಿದು ಕೂತಿದ್ದವನು ಒಂದೇ ಒಂದು ಹೊಲಿಗೆ ಹಾಕದೆ ಇಪ್ಪತ್ತು ನಿಮಿಷ ಕಳೆದ. ಈಗ ನೋಡುತ್ತಿದ್ದಾರೆ. ಈಗ ಬೆಲೆ ಕಂಡಿತು. ಈಗ ಇಷ್ಟೊಂದಾ ಎಂದರು. ಅಥವಾ ಇಷ್ಟೇನಾ ಎಂದರು. ಫೋನು ಬರಲಿಲ್ಲ. ಮಧ್ಯಾಹ್ನ ಅಮೀನ್ ಫೋನು ಮಾಡಿ, ಬಾವ ನಿಮಗೆ ಶರ್ಟು ಯಾವ ಸೈಜು, ಶೋರೂಮಿನವರಿಗೆಲ್ಲ ನೀಲಿ ಶರ್ಟು ಹೊಲಿಸುತ್ತಿದ್ದೇನೆ ಎಂದು ಕೇಳಿದ. ಹಬೀಬ್ ಸಾಬ್ ಸೈಜು ಹೇಳಿದ. ಆಡಿದ ಮಾತು ಆಡಿದ್ದು. ನಾಡಿದ್ದು ಸಂಜೆ ಚಂದ್ರ ನೋಡುವ ದಿನ. ಅಖ್ತರ್ ಬಾನು ಆ ರಾತ್ರಿ ಸಾರಿಗೆ ಉಪ್ಪು ಸರಿಯಾಗಿ ಹಾಕಿದ್ದಳು, ಅದಕ್ಕೂ ಅವನಿಗೆ ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ಬಾಗಿಲು ಎತ್ತಿ, ಕಸ ಗುಡಿಸಿ, ಚೊಂಬಿಗೆ ನೀರು ತುಂಬಿಡುವಾಗ ಮೆಟ್ಟಿಲ ಮೇಲೆ ನೆರಳು ಬಿತ್ತು. ಬೋಣಿ ಆಗಿರಲಿಲ್ಲ. ತಲೆ ಎತ್ತಿದ. ಸಿದ್ದಲಕ್ಷ್ಮಮ್ಮ. ಕೈಯಲ್ಲಿ ಅವನದೇ ಅಂಗಡಿಯ ಬಟ್ಟೆ ಚೀಲ, ಯಾರದೋ ಮನೆಯ ದಿಂಬು ಹೋದ ಚೀಲ, ಅದರ ಮೇಲೆ ವೆಬ್‌ಸೈಟಿನ ವಿಳಾಸ. ಅವನ ಕಿವಿ ಕಾದು ಕೆಂಪಾಯಿತು. ಬನ್ನಿ ಎನ್ನಬೇಕೆಂದುಕೊಂಡವನು ಕೈಯಿಂದ ಒಳಗೆ ತೋರಿಸಿದ. ಆಕೆ ನೇರವಾಗಿ ಕೆಂಪು ಗೆರೆಯ ಹಾಸಿಗೆಯ ಹತ್ತಿರ ಹೋದಳು. ಅಂಗೈಯಲ್ಲಿ ಒತ್ತಿದಳು. ಮೂಲೆ ಎತ್ತಿದಳು. ಗೋಡೆಯ ಮೇಲಿನ ರಟ್ಟಿನ ಬರಹ ಓದಿದಳು, ಅದನ್ನು ಇಲ್ಲಿಂದ ತೆಗೆಯಲು ಅವನಿಗೆ ನೆನಪಾಗಿರಲಿಲ್ಲ. ಓದಿ, ಮತ್ತೆ ಒತ್ತಿದಳು. ಹತ್ತು ನಿಮಿಷವಾಯಿತು. ಅವನು ದಬ್ಬಳಕ್ಕೆ ದಾರ ಪೋಣಿಸಲು ಹೋಗಿ ನಾಲ್ಕು ಸಲ ತಪ್ಪಿದ. ಅಷ್ಟು ಹೊತ್ತಿನ ಮೇಲೆ ಆಕೆ, ಹಾಸಿಗೆಗೇ ಹೇಳುವ ಹಾಗೆ, ಬೆನ್ನು ಹಾಕಿಕೊಂಡೇ ಮಾತಾಡಿದಳು.

"ನನ್ ಮಗಳು ಮಂಜುಳಾ ಕುಣಿಗಲ್‌ನಾಗೆ ಕಂಪ್ಯೂಟರ್ ಕ್ಲಾಸ್ ಹೇಳ್ಕೊಡ್ತಾಳೆ. ಮಂಗ್ಳವಾರ ನಾನ್ ಹೋಯ್ತೀನಿ. ಈ ಚೀಲ ನೋಡಿ ಅವ್ಳೇ ತೆಗ್ದು ತೋರ್ಸಿದ್ದು. ನಿನ್ನೆ ರೇಟೂ ಕಾಣುಸ್ತು. ಅಲ್ಲಿ ಎಷ್ಟೊತ್ ನೋಡುದ್ರೂ ಯಾರೂ ನೀರ್ ಚೆಲ್ಲಲ್ಲ, ಸಾಬ್ರೆ."

ಆರು ತಿಂಗಳಿಂದ ಅವನಲ್ಲಿ ಹೇಳಬೇಕಾದ ಒಂದು ಮಾತು ಇತ್ತು. ದಬ್ಬಳ ಬೆರಳಿಗೆ ಚುಚ್ಚಿತು. ತಪ್ಪಾಯ್ತಮ್ಮ ಎಂದ, ಬೆರಳಿಗೋ ಆಕೆಗೋ ತಿಳಿಯದಷ್ಟು ಮೆಲ್ಲಗೆ. ಆಕೆ ಕೇಳಿಸಿಕೊಂಡಳೋ ಇಲ್ಲವೋ. ದಿಂಬನ್ನು ಕೆನ್ನೆಗೆ ಹಿಡಿದು ನೋಡಿ, ಮೂಲೆಗೆ ಮೂಲೆ ಸೇರಿಸಿ ಇಟ್ಟು, ಬರ್ತೀನಿ ಎಂದು ಇಳಿದು ಹೊರಟಳು.

ಹೊರಟೇಬಿಟ್ಟಳು. ಬೋಣಿಯೂ ಇಲ್ಲ, ಚಂದ್ರನಿಗೆ ಒಂದೇ ದಿನ, ಮರಳೂರಿನಲ್ಲಿ ನೀಲಿ ಶರ್ಟು ಹೊಲಿಯುತ್ತಿದ್ದಾರೆ. ಅವನಿಗೆ ಗೊತ್ತಾಗುವ ಮೊದಲೇ ಬಲಗೈ ಚೊಂಬನ್ನು ಹಿಡಿದಿತ್ತು, ಮೂವತ್ತು ವರ್ಷದ ಕೈ, ಅದಕ್ಕೆ ಬೇರೆ ಏನೂ ಗೊತ್ತಿಲ್ಲ. ಎದ್ದು ಹೊಸ್ತಿಲಿಗೆ ಬಂದ. ಚೊಂಬು ಎದೆಯ ಮಟ್ಟಕ್ಕೆ ಏರಿತು. ಆಗ ಆಕೆ, ರಸ್ತೆಯ ಆಚೆ ಬದಿಯಲ್ಲಿ, ನಿಂತು ತಿರುಗಿದಳು. ಸುಮ್ಮನೆ ತಿರುಗಿದ್ದಲ್ಲ, ನೋಡಲೆಂದೇ ತಿರುಗಿದ್ದು. ಚೊಂಬನ್ನು ನೋಡಿದಳು, ಇವನನ್ನು ನೋಡಿದಳು. ಅವನು ಚೊಂಬನ್ನು ಇನ್ನೂ ಮೇಲೆತ್ತಿ, ಬಾಯಿಗೆ ಸುರಿದುಕೊಂಡ. ಬಾಯಾರಿಕೆ ಇರಲಿಲ್ಲ. ಗಟಗಟ ಕುಡಿದ, ಗಡ್ಡದ ಮೇಲೆ, ಅಂಗಿಯ ಮೇಲೆ ಇಳಿಯಿತು, ಉಸಿರು ಕಟ್ಟಿತು, ಆದರೂ ಒಂದು ಹನಿಯೂ ಹೊಸ್ತಿಲಿಗೆ ಬೀಳದ ಹಾಗೆ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು ಪೂರ್ತಿ ಚೊಂಬು ಖಾಲಿ ಮಾಡಿದ. ಕಣ್ಣು ತೆರೆದಾಗ ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು, ಹೆಗಲು ಕುಲುಕುತ್ತಿತ್ತು. ಒಂದು ಲೂನಾ ಹೋಗಲು ಬಿಟ್ಟು ರಸ್ತೆ ದಾಟಿ ಮತ್ತೆ ಮೆಟ್ಟಿಲು ಹತ್ತಿದಳು.

"ಎಲ್ಡು ಹೊಲೀರಿ" ಎಂದಳು. "ಒಂದು ಮಗ್ಳಿಗೆ, ಒಂದು ನಂಗೆ."

ಹಬೀಬ್ ಸಾಬ್ ಒದ್ದೆ ಗಡ್ಡ ಒರೆಸಿಕೊಳ್ಳುತ್ತಾ ಅಳತೆ ಟೇಪು ಹುಡುಕಿದ. ಅದು ಕೊರಳಲ್ಲೇ ಇತ್ತು.